ಚಾವಡಿಯಲ್ಲಿ ಆಡಿದ ಮಾತು

ನನ್ನ ಹೆಂಡತಿ ಕೆಂಪವ್ವ ಚೆನ್ನಾಗಿ ಓಡುತ್ತಿದ್ದಳು. ನಮ್ಮ ಕೇರಿಯಲ್ಲಿ ಗಂಡಸರು ಓಡುವುದು ದೊಡ್ಡ ಮಾತಲ್ಲ. ಊರ ದೊಡ್ಡ ಮನೆಗಳಲ್ಲಿ ಯಾರಾದರೂ ಸತ್ತರೆ ಬೀಗರ ಊರಿಗೆ ಸುದ್ದಿ ಮುಟ್ಟಿಸುವ ಬಿಟ್ಟಿ ಕೆಲಸ ನಮ್ಮದು. ವರ್ಷಕ್ಕೊಂದು ಮನೆಯ ಪಾಳಿ. ಓಡುತ್ತ ಹೋಗಬೇಕು, ವಾಡೆಯ ಹೊರಗೆ ನಿಂತು ಕೂಗಿ ಹೇಳಬೇಕು, ಅಲ್ಲಿ ನೀರು ಕೂಡ ಕೇಳದೆ ತಿರುಗಿ ಬರಬೇಕು. ಗೌಡರ ಮನೆಯಲ್ಲಿ ಎರಡು ಕುದುರೆಗಳಿದ್ದವು. ಸಾವಿನ ಸುದ್ದಿ ಹೊತ್ತ ಕುದುರೆ ಆಮೇಲೆ ಮದುವೆ ಮೆರವಣಿಗೆಗೆ ಬರುವುದಿಲ್ಲವಂತೆ! ನಮ್ಮ ಕಾಲಿಗೆ ಅಂಥ ಮಡಿ ಮೈಲಿಗೆ ಏನೂ ಇರಲಿಲ್ಲ.

ಕೆಂಪವ್ವ ಸಂಗೊಳ್ಳಿಯವಳು. ತೊಟ್ಟಿಲಲ್ಲಿದ್ದಾಗಲೇ ನನಗೆ ಗೊತ್ತು ಮಾಡಿದ್ದರು. ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು ಅವಳು ಅಕ್ಷರ ಕಲಿತಳು. ಬೆಳಿಗ್ಗೆ ನೀರು ತಂದು, ಸಗಣಿ ಬಳಿದು, ಗಂಟೆ ಬಾರಿಸುವುದರೊಳಗೆ ಓಡಿ ಹೋಗಿ ಕೂರುತ್ತಿದ್ದಳಂತೆ. ನಮ್ಮ ಜನದಲ್ಲಿ ಗಂಡಸರೂ ದಾಟದ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಮಾಸ್ತರಿಣಿಯಾಗಲು ಧಾರವಾಡದ ಟ್ರೇನಿಂಗ್ ಕಾಲೇಜು ಸೇರಿದಳು. ಕಳಿಸಬೇಡ ಎಂದು ನನ್ನವ್ವ ಕೃಷ್ಣವ್ವ ಮೂರು ದಿನ ಉಣ್ಣದೆ ಮಲಗಿದಳು. ನಾನು ಕಳಿಸಿದೆ. ನನ್ನ ಜನ್ಮದಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ.

ಆ ವರ್ಷ ಕಾಲೇಜಿನ ಗ್ಯಾದರಿಂಗಿನಲ್ಲಿ ಓಟದ ಪಂದ್ಯ ಇಟ್ಟಿದ್ದರು. ಕೆಂಪವ್ವ ಕಚ್ಚೆ ಬಿಗಿದು ಓಡಿ ಮೊದಲನೆಯವಳಾದಳು. ಎರಡನೆಯವಳು ಯಾವುದೋ ದೇಸಾಯರ ಮನೆಯ ಹುಡುಗಿ. ಸಂಕ್ರಮಣಕ್ಕೆ ಊರಿಗೆ ಬಂದಾಗ ಇದನ್ನು ನನಗೊಬ್ಬನಿಗೇ, ಒಲೆಯ ಮುಂದೆ ಕೂತು, ನಾಚಿಕೊಂಡು ಹೇಳಿದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಮರುದಿನ ಗೌಡರ ಕುದುರೆಗಳಿಗೆ ಹುಲ್ಲು ಹಾಕಲು ಹೋದವನು ಚಾವಡಿಯ ಕೆಳಗೆ ನಿಂತು ಎಲ್ಲರ ಎದುರು ಹೇಳಿಬಿಟ್ಟೆ.

"ನನ್ನ ಹೇಣ್ತಿ ದೇಸಾಯರ ಹುಡುಗೀನ್ನ ಹಿಂದ ಹಾಕ್ಯಾಳ್ರಿ. ಈ ಕುದರೀನೂ ಹಿಂದ ಹಾಕತಾಳ್ರಿ ಅಕಿ!"

ಗೌಡ ಮಹಾಂತಪ್ಪ ಮೀಸೆಯಲ್ಲೇ ನಕ್ಕ. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಇಂಥ ಹುಚ್ಚು ಸೂಳೆಮಗ ಇನ್ನೊಬ್ಬನಿರಲಿಕ್ಕಿಲ್ಲ.

ದೀಪಾವಳಿ ರಜೆಯಲ್ಲಿ ನಿಂತ ಬಸಿರು, ಬೇಸಿಗೆ ರಜೆಗೆ ಬಂದಾಗ ಅವಳಿಗೆ ಆರು ತಿಂಗಳು ತುಂಬಿತ್ತು. ಬಾಣಂತನ ಮುಗಿಸಿ ಬಂದು ಎರಡನೆಯ ವರ್ಷ ಓದಬಹುದು ಎಂದು ಕಾಲೇಜಿನ ದೊಡ್ಡ ಬಾಯಿಯವರು, ಅಂದರೆ ಮುಖ್ಯ ಮಾಸ್ತರಿಣಿ, ಒಪ್ಪಿದ್ದರು.

"ಇನ್ನೊಂದ ವರ್ಷ ರೀ," ಎನ್ನುತ್ತಿದ್ದಳು. "ನೌಕರಿ ಸಿಕ್ಕರ ಈ ಊರ ಬಿಡೂಣು. ನಮ್ಮ ಕೂಸು ಯಾರ ಸಾವೂ ಹೊತ್ತು ಓಡಬಾರದು."

ಆ ವರ್ಷದ ಪಾಳಿ ನಮ್ಮದು. ನನ್ನ ಕಾಲಲ್ಲಿ ನಾರುಹುಣ್ಣು ಎದ್ದು ಮೊಣಕಾಲ ತನಕ ಬಾತಿತ್ತು. ಕೇರಿಯ ಉಳಿದ ಗಂಡಸರು ಗೌಡನ ಹತ್ತಿ ಬಂಡಿಗಳ ಜೊತೆ ಬೈಲಹೊಂಗಲಕ್ಕೆ ಹೋಗಿದ್ದರು. ಅದೇ ದಿನ ಬೆಳಿಗ್ಗೆ ಗೌಡನ ತಾಯಿ ಸತ್ತಳು. ಅವಳ ಮಗಳನ್ನು ಕೊಟ್ಟಿದ್ದು ಯರಗಟ್ಟಿಗೆ, ಮೂರು ಹರದಾರಿ, ಅಂದರೆ ಒಂಬತ್ತು ಮೈಲಿ ದೂರ. ಗೌಡನ ಆಳು ಮಡಿವಾಳೆಪ್ಪ ಬಂದು ನಮ್ಮ ಅಂಗಳದಾಚೆ ನಿಂತ.

"ಪರ್ಯಾ, ಪಾಳಿ ನಿಂದು. ಹೊಂಡು."

"ಕಾಲ ಊರಾಕ ಬರವಲ್ದರಿ ಯಪ್ಪಾ."

"ನೀ ಬ್ಯಾಡ. ದೇಸಾಯರ ಹುಡುಗೀನ್ನ, ಕುದರೀನ್ನ ಹಿಂದ ಹಾಕಾಕಿ ಅದಾಳಲ್ಲ ಮನ್ಯಾಗ, ಅಕಿನ್ನ ಕಳಸು ಅಂದಾರ ಗೌಡ್ರು. ಮಣ್ಣ ಮಾಡೂದ್ರಾಗ ಮಗಳು ಬಂದು ಮಾರಿ ನೋಡಬೇಕು."

"ಹೊಟ್ಟೀಲೆ ಅದಾಳೋ ನಮ್ಮಪ್ಪಾ!" ಎಂದು ಅವ್ವ ದೂರದಿಂದಲೇ ಅಡ್ಡ ಬಿದ್ದಳು. ಅವನು ಮುಖ ತಿರುಗಿಸಿದ. ಹೆಂಗಸರು ಪಾಳಿ ಓಡಿದ್ದು ನಮ್ಮ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ನಾನು ಎದ್ದು ನಾಲ್ಕು ಹೆಜ್ಜೆ ಇಟ್ಟು ಹೊಸ್ತಿಲಲ್ಲೇ ಕುಸಿದೆ. ಕೆಂಪವ್ವ ನನ್ನ ರಟ್ಟೆ ಹಿಡಿದು ಗೋಡೆಗೆ ಒರಗಿಸಿದಳು.

"ಕುಂದರ್ರಿ. ಓಡಂಗಿಲ್ಲ, ನಡಕೋತ ಹೋಗಿ ಬರತೇನಿ."

ಇಳಿಹೊತ್ತಿಗೆ ಯರಗಟ್ಟಿಯ ಸವಾರಿ ಗಾಡಿ ನಮ್ಮ ಕೇರಿಯ ಮುಂದೆ ಧೂಳೆಬ್ಬಿಸಿಕೊಂಡು ಹೋಯಿತು. ಮಗಳು ತಾಯಿಯ ಮುಖ ನೋಡಿದಳು. ಕೆಂಪವ್ವ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸೀರೆ ಮೊಣಕಾಲ ಕೆಳಗೆ ಒದ್ದೆಯಾಗಿತ್ತು. ನನ್ನ ಮುಖ ನೋಡಿ, ತಾನೇ ತಪ್ಪು ಮಾಡಿದವಳ ಹಾಗೆ ಹೇಳಿದಳು.

"ತಡಾ ಆಗಿದ್ರ ನಿಮ್ಮನ್ನ ಬಡೀತಿದ್ರು ರೀ. ಅದಕ್ಕ ಓಡಿದ್ನಿ."

ಬೆಳಗಿನ ಜಾವ ಗಂಡು ಕೂಸು ಹುಟ್ಟಿತು. ಅಳಲಿಲ್ಲ. ಅವ್ವ ಅದನ್ನು ತನ್ನ ಹಳೇ ಸೀರೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತಳು. ಆ ಸಾವಿನ ಸುದ್ದಿ ಒಯ್ಯಲು ಸಂಗೊಳ್ಳಿಗೆ ಯಾರೂ ಓಡಲಿಲ್ಲ. ನನಗೆ ಅಳು ಕೂಡ ಬರಲಿಲ್ಲ, ನಾಲಿಗೆ ಕಿತ್ತು ಒಲೆಗೆ ಹಾಕಬೇಕೆನಿಸಿತು.

ಐದನೆಯ ದಿನ ಅವಳು ಮಾತಾಡಿದಳು.

"ಒಂದ ಮಾತ ಕೇಳತೇನಿ. ನಾ ಪಂದ್ಯೇದಾಗ ಓಡಿದ್ದು ಗೌಡ್ರಿಗೆ ಹೆಂಗ ಗೊತ್ತಾತು? ನಿಮಗೊಬ್ಬರಿಗೇ ಹೇಳಿದ್ನೆಲ್ಲ."

ಹೇಳಿಬಿಡಬೇಕಿತ್ತು. ಅವಳ ಬಿಳಿಚಿದ ಮುಖ ನೋಡಿ ಧೈರ್ಯ ಬರಲಿಲ್ಲ.

"ಪೇಪರದಾಗ ಬಂದಿತ್ತಂತ," ಎಂದೆ. "ಕುಲಕರ್ಣ್ಯಾರು ಚಾವಡ್ಯಾಗ ಓದಿ ಹೇಳ್ಯಾರ."

ಅವಳು ಮೊಣಕೈ ಊರಿ ಅರ್ಧ ಎದ್ದಳು.

"ನನ್ನ ಹೆಸರ ಹಾಕಿದ್ರ?"

"ಹೂಂ."

"ಪೂರಾ ಹೆಸರ? ಊರ ಸೈತ?"

"ಹೂಂ, ಊರ ಸೈತ."

ಇಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಬೆಳಕು ಬಂತು. "ಕಾಲಿಗೆ ಬಿದ್ದಾದ್ರೂ ಆ ಪೇಪರ ಇಸಕೊಂಡ ಬರ್ರಿ," ಎಂದಳು. "ಧಾರವಾಡಕ್ಕ ಹೋದಾಗ ನಮ್ಮ ಬಾಯಾರಿಗೆ ತೋರಸತೇನಿ. ಕೂಸಂತೂ ಉಳೀಲಿಲ್ಲ. ಇದಾದ್ರೂ ಉಳೀಲಿ."

ನಾನು ಕೋಲೂರಿಕೊಂಡು, ಆ ಪೇಪರು ತರಲಿಕ್ಕೆ ಹೊರಟೆ.