ನೀಲಗಂಗಾ ನಂಬದ ಚಿಪ್

ನಾನು ಒಂದು ಚಿಪ್. ಅಂಚೆಚೀಟಿಯಷ್ಟೇ ಅಗಲ, ಆದರೆ ನನ್ನೊಳಗೆ ಒಂದು ಕಾಲುವೆ ಇದೆ ಗೊತ್ತೇ? ಕೂದಲೆಳೆಯಷ್ಟು ಸಣ್ಣದು! ಧಾರವಾಡದ ಒಂದು ಲ್ಯಾಬಿನಲ್ಲಿ ನೀಲಗಂಗಾ ಎಂಬ ಸಂಶೋಧಕಿ ನನ್ನನ್ನು ಮಾಡಿದಳು. ಜೇನಿನಂತೆ ಮಂದವಾದ ರಬ್ಬರಿನ ರಸವನ್ನು ಅಚ್ಚಿಗೆ ಸುರಿದಳು, ಒಲೆಯಲ್ಲಿಟ್ಟು ಗಟ್ಟಿ ಮಾಡಿದಳು, ಮೆಲ್ಲಗೆ ಸುಲಿದು ಗಾಜಿಗೆ ಅಂಟಿಸಿದಳು. ಗಾಜಿನ ಮೇಲೆ ಚಿನ್ನದ ಗೆರೆ, ಗೆರೆಯ ತುದಿಯಲ್ಲಿ ಒಂದು ಚುಕ್ಕಿ ಕಿಣ್ವ. ಆ ಕಿಣ್ವವೇ ನನ್ನ ನಾಲಿಗೆ. ರಕ್ತದಲ್ಲಿ ಎಷ್ಟು ಸಕ್ಕರೆ ಇದೆಯೋ ಅಷ್ಟು ಕರೆಂಟ್ ಹರಿಸುವುದು, ಅಷ್ಟೇ ನನಗೆ ಬರುವ ಮಾತು.

ಸಕ್ಕರೆ ನೀರು ಕುಡಿಸಿದಾಗ ಸರಿಯಾಗಿ ಹೇಳಿದೆ. ನೀಲಗಂಗಾ ಕುಣಿದಾಡಿದಳು. ಆಮೇಲೆ ರಕ್ತ. ಅಡುಗೆ ಮಾಡಿದವರೇ ಮೊದಲು ಸಾರಿನ ರುಚಿ ನೋಡುತ್ತಾರಲ್ಲ, ಹಾಗೆ ಈ ಲ್ಯಾಬಿನಲ್ಲಿ ಚಿಪ್ ಮಾಡಿದವರೇ ಮೊದಲ ಹನಿ ಕೊಡಬೇಕು. ಅವಳು ಬೆರಳು ಚುಚ್ಚಿಕೊಂಡಳು. ನನಗೆ ತಂತಿ ಜೋಡಿಸಿದ ಯಂತ್ರದ ಪರದೆಯಲ್ಲಿ ನಾನು ಮುನ್ನೂರಕ್ಕೂ ಹೆಚ್ಚು ತೋರಿಸಿದೆ.

"ಅಯ್ಯ ಶಿವನ! ಖಾಲಿ ಹೊಟ್ಟಿಗೆ ನೂರರ ಒಳಗ ಇರಬೇಕು," ಎಂದಳು.

ಪಕ್ಕದ ಮೇಜಿನ ಇಮ್ತಿಯಾಜ್ ನಕ್ಕ. "ರಕ್ತದಾಗ ಪೇಢೆ ಕಲಸೀಯೇನ?"

"ಮುಂಜಾನಿಂದ ಬರೇ ನೀರು ಕುಡದೇನೋ ಮಾರಾಯಾ."

ನಿಜ. ಬಾಟಲಿ ತುಂಬಿಸುತ್ತಿದ್ದಳು, ಮುಗಿಸುತ್ತಿದ್ದಳು, ಮತ್ತೆ ತುಂಬಿಸುತ್ತಿದ್ದಳು. ಬಳೆ ಮುಂಗೈಯಿಂದ ಜಾರಿ ನನ್ನ ಮೇಲೆ ಬಡಿಯುವಷ್ಟು ಸೊರಗಿದ್ದಳು. ಮೇಜಿನ ಮೇಲೆ ಬಿದ್ದುಕೊಂಡು ನಾನು ಎಲ್ಲ ನೋಡುತ್ತಿದ್ದೆ. ಅವಳು ಮಾತ್ರ ನನ್ನನ್ನೇ ಅನುಮಾನಿಸಿದಳು. ರಕ್ತದಲ್ಲಿರುವ ಬೇರೆ ಏನೋ ನನ್ನ ದಾರಿ ತಪ್ಪಿಸುತ್ತಿದೆ ಎಂದುಕೊಂಡು ಅದೇ ಅಚ್ಚಿನಲ್ಲಿ ಹುಟ್ಟಿದ ನನ್ನ ತಂಗಿಯರಿಗೆಲ್ಲ ಹೊಸ ಪದರ ಹಚ್ಚಿದಳು. ಅವರೂ ಮುನ್ನೂರೇ ಎಂದರು. ಹೋಲಿಸಿ ನೋಡೋಣವೆಂದರೆ ಅಂಗಡಿಯ ಗ್ಲೂಕೋಮೀಟರಿನ ಪಟ್ಟಿಗಳು ತೀರಿಹೋಗಿದ್ದವು.

ಗೈಡ್ ಬೆಟಗೇರಿ ಮೇಡಂ ಬಂದು ನೋಡಿದರು. "ಸೋಮವಾರ ದವಾಖಾನಿಯವ್ರು ನೋಡಾಕ ಬರ್ತಾರವಾ. ಇಂಥಾ ಸುಳ್ಳ ಹೇಳೋದನ್ನ ತೋರಿಸಿದ್ರ ನಗ್ತಾರ. ಒಗದು ಹೊಸಾದು ಮಾಡು."

ನನಗೆ ಎಷ್ಟು ಸಂಕಟವಾಯಿತೆಂದರೆ! ಕಸಕ್ಕೆ ಎಸೆಯುತ್ತಾರೆಂದಲ್ಲ. ಅವಳ ಮೈಯೊಳಗೆ ಏನೋ ಕೆಟ್ಟಿದೆ, ಅದನ್ನು ನಾನು ಹೇಳುತ್ತಲೇ ಇದ್ದೇನೆ, ಅವಳು ಕೇಳುತ್ತಿಲ್ಲ.

ಕಸದ ಡಬ್ಬಿಯತ್ತ ನನ್ನನ್ನು ಒಯ್ಯುವಾಗ ಅವಳಿಗೆ ತಲೆ ತಿರುಗಿತು. ಸ್ಟೂಲಿನ ಮೇಲೆ ಕುಸಿದಳು. ಇಮ್ತಿಯಾಜ್ ಓಡಿ ಬಂದು ಅವಳ ಕೈಯಿಂದ ನನ್ನನ್ನು ಬಿಡಿಸಿಕೊಂಡ. "ಪಾಪ, ಒಗೆಯೋಕಿಂತ ಮೊದ್ಲ ನಂದೊಂದು ಹನಿ ಹಾಕ್ತೀನಿ. ಎರಡ ಜಿಲೇಬಿ ತಿಂದ ಬಂದೇನಿ. ನಂದು ಐದನೂರ ಆಗ್ತೈತಿ ನೋಡು."

ಉಪ್ಪುನೀರಿನಲ್ಲಿ ನನ್ನನ್ನು ತೊಳೆದು, ಬೆರಳು ಚುಚ್ಚಿಕೊಂಡ. ನಾನು ನೂರಾ ಮೂವತ್ತು ಎಂದೆ.

ಅವನ ನಗು ನಿಂತಿತು. ಪರದೆ ನೋಡಿದ, ಅವಳನ್ನು ನೋಡಿದ. "ನೀಲಾ, ಏಳು. ದವಾಖಾನಿಗೆ ಹೋಗೂಣು."

"ಸೋಮವಾರದ ಕೆಲಸ?"

"ಚಿಪ್ ಬರೋಬ್ಬರಿ ಐತಿ. ನೀ ಬರೋಬ್ಬರಿ ಇಲ್ಲ."

ಗಡಿಬಿಡಿಯಲ್ಲಿ ಅವನು ನನ್ನನ್ನು ಫ್ರಿಜ್ಜಿನಲ್ಲಿಡದೆ ಅಂಗಿಯ ಜೇಬಿಗೆ ಹಾಕಿಕೊಂಡ. ಅಲ್ಲಿಂದಲೇ ಡಾಕ್ಟರ ದನಿ ಕೇಳಿದೆ: "ಸಕ್ಕರಿ ಕಾಯಿಲೆ ಐತ್ರಿ. ಇನ್ನೆರಡ ದಿನ ತಡಾ ಮಾಡಿದ್ರ ಜೀವಕ್ಕ ಕಷ್ಟ ಇತ್ತು." ಇಮ್ತಿಯಾಜನ ಎದೆ ಡಬಡಬ ಬಡಿದುಕೊಳ್ಳುತ್ತಿತ್ತು. ತಂಪಿನಲ್ಲಷ್ಟೇ ಉಳಿಯುವ ನನ್ನ ಕಿಣ್ವ ಆ ಎದೆಯ ಬಿಸಿಗೆ ರಾತ್ರಿಯಿಡೀ ಒಣಗಿ ಕೆಟ್ಟುಹೋಯಿತು. ನಾಲಿಗೆ ಸತ್ತಿತು.

ಸೋಮವಾರ ಬಂದವರಿಗೆ ಮೇಡಂ ನನ್ನ ತಂಗಿಯನ್ನು ತೋರಿಸಿದರಂತೆ. ಅವರು ಒಪ್ಪಿದರಂತೆ. ನನಗೆ ಹೊಟ್ಟೆಕಿಚ್ಚಿಲ್ಲ, ಸತ್ಯವಾಗಿಯೂ!

ಈಗ ನಾನು ಕಿಟಕಿಯ ಮೂಲೆಯಲ್ಲಿ, ಒಂದು ಗಾಜಿನ ತಟ್ಟೆಯಲ್ಲಿದ್ದೇನೆ. ಯಾರ ರಕ್ತ ಹಾಕಿದರೂ ನನಗಿನ್ನು ಸಿಹಿ ತಿಳಿಯದು. ಅವಳಿಗೆ ನಾನು ಹೇಳಿದ್ದು ಒಂದೇ ನಿಜ. ಅದನ್ನು ಅವಳು ನಂಬಲು ಇನ್ನೊಬ್ಬನ ಬೆರಳೂ ನೋಯಬೇಕಾಯಿತು. ಮಧ್ಯಾಹ್ನ ನೀಲಗಂಗಾ ಕಿಟಕಿಯ ಬಳಿ ಬಂದು ಇನ್ಸುಲಿನ್ ಚುಚ್ಚಿಕೊಂಡು, ಬುತ್ತಿ ಬಿಚ್ಚಿ ಕೂರುತ್ತಾಳೆ. ಜೋಳದ ರೊಟ್ಟಿ ಮುರಿಯುವ ಸದ್ದಿಗೆ ನಾನು ಕಿವಿಗೊಡುತ್ತೇನೆ. ಬಳೆ ಈಗ ಮುಂಗೈಯಿಂದ ಜಾರುವುದಿಲ್ಲ. ಇವತ್ತು ಎರಡನೆಯದನ್ನೂ ಮುರಿದಳು.