ರಕ್ತ ಕೊಡಲೆಂದು ಕೊಟ್ಟ ನಂಬರು

ಮೂಡಲಪಾಳ್ಯದ ವತ್ಸಲಾ ಟೀಚರ್ ಮನೆಯ ಫೋನು ಆ ಶನಿವಾರ ಮಧ್ಯಾಹ್ನ ಬಡಿದುಕೊಳ್ಳಲು ಶುರು ಮಾಡಿದ್ದು ನಿಲ್ಲಲೇ ಇಲ್ಲ. ಅವರು ಆಗಷ್ಟೇ ಸ್ಕೂಲಿನಿಂದ ಬಂದಿದ್ದರು. ಇನ್ನೂ ಕಾಲು ಕೂಡ ತೊಳೆದಿರಲಿಲ್ಲ. ರಿಸೀವರ್ ಎತ್ತಿ ಹಲೋ ಅಂದರು.

"ಕಿತ್ತೂರ್ ಹುಡುಗಿ ಇದಾಳಾ?"

"ಯಾರಪ್ಪ ಅದು? ಅಂಥೋರು ಇಲ್ಲಿ ಯಾರೂ ಇಲ್ವಲ್ಲ."

ಅಷ್ಟೇ ನೋಡಿ. ಆ ಕಡೆಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಹೈಸ್ಕೂಲು ಹುಡುಗರನ್ನು ಒಂದೇ ನೋಟಕ್ಕೆ ಕೂರಿಸುತ್ತಿದ್ದ ಹೆಂಗಸು ರಿಸೀವರನ್ನು ಕಿವಿಯಿಂದ ದೂರ ಹಿಡಿದರು. ಫೋನು ಇಟ್ಟರು. ಇಟ್ಟ ಕೂಡಲೇ ಮತ್ತೆ ಬಂತು. ದನಿ ಬೇರೆ, ಹೊಲಸು ಅದೇ. ಹಿಂದೆ ನಾಲ್ಕಾರು ಹುಡುಗರು ಕಿಸಿಕಿಸಿ ನಗುವುದೂ ಕೇಳಿಸಿತು. ಥೂ! ಎದುರಿಗೆ ನಿಂತು ಮಾತಾಡುವ ಎದೆಗಾರಿಕೆ ಇಲ್ಲದವರಿಗೆ ವೈರಿನ ಆ ತುದಿಯಲ್ಲಿ ಎಲ್ಲಿಂದ ಬರುತ್ತದೋ ಇಷ್ಟು ಪೌರುಷ!

ಸಂಜೆ ಆಫೀಸಿನಿಂದ ಬಂದ ಗಂಡ ಚಕ್ರಪಾಣಿ ತಾವೂ ಒಂದು ಫೋನು ಎತ್ತಿ, ಕೆಂಪಗಾಗಿ, ವೈರು ಕಿತ್ತು ಹಾಕಿದರು.

"ಇದು ಮೇಲಿನ ರೂಮಿನ ಹುಡುಗೀದೇ ಕೆಲಸ. ಕಿತ್ತೂರು ಪತ್ತೂರು ಅಂತ ಆ ಕಡೆಯೋಳು ಅವಳೇ ತಾನೆ? ಏನು ಮಾಡ್ಕೊಂಡಿದಾಳೆ ಕೇಳು."

ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದವಳು ಗುರುದೇವಿ. ರೋಣದ ಕಡೆಯ ಹುಡುಗಿ, ಬಿ.ಕಾಂ. ಕೊನೆಯ ವರ್ಷ. ಮೊಬೈಲು ಇನ್ನೂ ಇರಲಿಲ್ಲ. ಹಾಗಾಗಿ ಯಾರು ಕೇಳಿದರೂ ಓನರ್ ಮನೆಯ ನಂಬರನ್ನೇ ಪಿ.ಪಿ. ನಂಬರು ಅಂತ ಕೊಡುತ್ತಿದ್ದಳು. ಅವಳ ಅಪ್ಪ ಗುರುಬಸಪ್ಪನವರು ಪ್ರತಿ ಭಾನುವಾರ ಬೆಳಿಗ್ಗೆ ಅದೇ ನಂಬರಿಗೆ ಫೋನು ಮಾಡಿ ಮಗಳ ಹತ್ತಿರ ಮಾತಾಡುತ್ತಿದ್ದರು.

ಕರೆದ ಕೂಡಲೇ ಗುರುದೇವಿ ಕೆಳಗೆ ಬಂದಳು. ವಿಷಯ ಕೇಳಿ ಅವಳ ಮುಖ ಬಿಳುಚಿಕೊಂಡಿತು.

"ಆಂಟಿ, ಆ ಕಿತ್ತೂರ್ ಹುಡುಗಿ ನಾನೇರಿ. ಇಂಟರ್‌ನೆಟ್ನ್ಯಾಗ ಪ್ರಚಂಡ್ ಅವರ ಅಭಿಮಾನಿಗಳ ಗುಂಪು ಐತಿ, ಅಲ್ಲಿ ನನ್ನ ಹೆಸರು ಹಂಗ ಇಟ್ಕೊಂಡೀನಿ."

ಪ್ರಚಂಡ್ ಅಂದರೆ ಆ ಹೊತ್ತಿನ ದೊಡ್ಡ ಹೀರೋ. ಮಾತುಮಾತಿಗೆ ಕಟೌಟು, ಕಟೌಟಿಗೆ ಹಾಲು. ಗುರುದೇವಿಯೂ ಅವರ ಅಭಿಮಾನಿಯೇ, ಒಂದು ಸಿನಿಮಾವನ್ನೂ ಬಿಟ್ಟವಳಲ್ಲ. ಹೀಗಿರುವಾಗ ಆ ಮಹಾನುಭಾವರು ಶೂಟಿಂಗಿನಲ್ಲಿ ಲೈಟು ಹಿಡಿಯುವ ಕೆಲಸದವನೊಬ್ಬನ ಕೆನ್ನೆಗೆ ಹೊಡೆದರು ಅಂತ ಪೇಪರಿನಲ್ಲಿ ಬಂತು. ಹೊಡೆದದ್ದು ಹೌದು ಅಂತ ಅವರೇ ಒಪ್ಪಿಕೊಂಡರು. ಗುಂಪಿನಲ್ಲಿ ಎಲ್ಲರೂ "ಅಣ್ಣ ಮಾಡಿದ್ದೇ ಸರಿ" ಅಂತ ಜೈಕಾರ ಹಾಕುತ್ತಿದ್ದಾಗ ಈ ಹುಡುಗಿ ಮಾತ್ರ ಬರೆದಳು: "ನಾನೂ ಅವರ ಅಭಿಮಾನಿ. ಆದರೆ ದುಡಿಯುವವನ ಮೇಲೆ ಕೈ ಮಾಡಿದ್ದು ತಪ್ಪು. ಕ್ಷಮೆ ಕೇಳಲಿ."

"ಅಷ್ಟೇನಾ? ಅಷ್ಟಕ್ಕೇ ನಿನ್ನ ನಂಬರ್ ಹುಡುಕಿದ್ರಾ? ಎಲ್ಲಿ ಸಿಕ್ತು?" ಅಂದರು ವತ್ಸಲಾ.

"ಹೋದ ತಿಂಗಳು ಅವರ ಹುಟ್ಟುಹಬ್ಬಕ್ಕ ರಕ್ತದಾನ ಶಿಬಿರ ಮಾಡಿದ್ರಲ್ರಿ. ರಕ್ತ ಕೊಡೋರು ನಂಬರ್ ಹಾಕ್ರಿ ಅಂತ ಆ ಗುಂಪಿನ್ಯಾಗ ಕೇಳಿದ್ರು. ನಾ ಹಾಕಿದ್ದೆ."

ಕೇಳಿದಿರಾ? ರಕ್ತ ಕೊಡುತ್ತೇನೆ ಅಂತ ಕೊಟ್ಟ ನಂಬರು! ಅದೇ ನಂಬರಿಗೆ ಫೋನು ಮಾಡಿ ಅವಳ ರಕ್ತ ಹೀರಲು ನಿಂತಿದ್ದರು.

ಆದರೆ ನಿಜ ಹೇಳಬೇಕು. ವತ್ಸಲಾ ಆಗ ಸಿಟ್ಟಾದದ್ದು ಆ ಪುಂಡರ ಮೇಲಲ್ಲ, ಹುಡುಗಿಯ ಮೇಲೆ. "ನಿಂಗ್ಯಾಕಮ್ಮ ಬೇಕಿತ್ತು ಇಲ್ಲದ ಉಸಾಬರಿ? ಓದೋಕೆ ಬಂದೋಳು ಓದ್ಕೊಂಡಿರ್ಬಾರ್ದಾ?" ಅಂದುಬಿಟ್ಟರು. ಗುರುದೇವಿ ಮೆಟ್ಟಿಲು ಹತ್ತಿ ಹೋದಳು. ಆ ದಿನ ಅವಳು ಊಟಕ್ಕೂ ಕೆಳಗೆ ಬರಲಿಲ್ಲ.

ಒಬ್ಬನೇ ಮಗ ಶ್ರೀಶನಿಗೆ ಇದ್ಯಾವುದನ್ನೂ ವತ್ಸಲಾ ಹೇಳಲಿಲ್ಲ. ಬೆಳೆದ ಮಗನ ಮುಂದೆ ಅಂಥ ಮಾತು ತಾಯಿಯಾದವಳು ಹೇಗೆ ಆಡುವುದು? ಅವನು ಮನೆಯಲ್ಲಿ ಇದ್ದದ್ದಾದರೂ ಎಲ್ಲಿ? ಪ್ರಚಂಡನ ಹೊಸ ಸಿನಿಮಾ ಬರುತ್ತಿತ್ತು. ಥಿಯೇಟರ್ ಮುಂದೆ ಬಣ್ಣದ ಕಾಗದದ ಸ್ಟಾರ್ ಕಟ್ಟುವ ಕೆಲಸದಲ್ಲಿ ಅವನಿಗೆ ಮನೆಯ ದಾರಿಯೇ ಮರೆತು ಹೋಗಿತ್ತು.

ಭಾನುವಾರ ಬೆಳಿಗ್ಗೆ ವೈರು ಸಿಕ್ಕಿಸಿದ್ದೇ ತಡ, ಮತ್ತೆ ಫೋನು. ವತ್ಸಲಾಗೆ ರೇಗಿ ಹೋಯಿತು. ಎತ್ತಿದವರೇ, "ನಿಮ್ಗೆ ಮಾನ ಮರ್ಯಾದೆ ಇಲ್ವೇನ್ರೋ? ಅಮ್ಮ ಅಕ್ಕ ಇಲ್ವೇನ್ರೋ? ಹೆಣ್ಣುಮಕ್ಳು ಅಂದ್ರೆ ಏನಂದ್ಕೊಂಡಿದೀರಾ?" ಅಂತ ಕಿರುಚಿದರು.

ಆ ಕಡೆಯಿಂದ ಮೆತ್ತಗಿನ ದನಿ ಬಂತು: "ಅಕ್ಕಾರ, ನಾನ್ರೀ, ಗುರುಬಸಪ್ಪ. ಏನಾತ್ರೀ? ನಮ್ಮ ಹುಡುಗಿಗೆ ಏನಾರ ಆಗೇತೇನ್ರಿ?"

ಇನ್ನು ಮುಚ್ಚಿಡುವುದು ಹೇಗೆ? ವತ್ಸಲಾ ತಡವರಿಸುತ್ತಾ ಎಲ್ಲ ಹೇಳಿದರು. ಗುರುಬಸಪ್ಪ ಕೂಗಾಡಲಿಲ್ಲ. "ನಾಳೆ ಮುಂಜಾನೆ ಬರ್ತೀನ್ರೀ ಅಕ್ಕಾರ. ಆಕಿಗೆ ಗಂಟು ಕಟ್ಟಿ ಇಟ್ಕೊಳ್ಳಾಕ ಹೇಳ್ರಿ. ಕಲ್ತದ್ದು ಸಾಕು" ಅಂದು ಫೋನಿಟ್ಟರು.

ಪರೀಕ್ಷೆಗೆ ಉಳಿದಿದ್ದದ್ದು ಒಂದೇ ತಿಂಗಳು. ಸುದ್ದಿ ಕೇಳಿ ಗುರುದೇವಿ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು. "ನಾ ಏನ್ ತಪ್ಪು ಮಾಡೀನ್ರಿ ಆಂಟಿ? ಒಮ್ಮಿ ಊರಿಗೆ ಹೋದ್ರ ಮುಗೀತು. ಮದುವಿ ಮಾಡಿ ಕಳಿಸ್ತಾರ" ಅಂತ ಬಿಕ್ಕಿ ಬಿಕ್ಕಿ ಅತ್ತಳು. ವತ್ಸಲಾ ಅವಳನ್ನು ಎಬ್ಬಿಸಿಕೊಂಡು ಸೀದಾ ಪಕ್ಕದ ರಸ್ತೆಯ ಅಂಜಮ್ಮನ ಮನೆಗೆ ನಡೆದರು. ಅಂಜಮ್ಮ ಲಾಯರು, ವತ್ಸಲಾಗೆ ಹಳೆಯ ಗೆಳತಿ.

ಎಲ್ಲವನ್ನೂ ಕೇಳಿ ಅಂಜಮ್ಮ ಮೊದಲು ಝಾಡಿಸಿದ್ದು ಗೆಳತಿಯನ್ನೇ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಹಂಗಾಯ್ತು ನಿಮ್ಮ ಕಥೆ. ಬೈದೋರು ಆರಾಮಾಗಿ ಓಡಾಡ್ತಾರೆ. ಇವಳು ಬಾಯಿ ಮುಚ್ಕೋಬೇಕು, ಮನೆ ಬಿಡ್ಬೇಕು, ಓದು ಬಿಡ್ಬೇಕು. ಯಾವ ನ್ಯಾಯ ಕಣೇ ಇದು?"

"ಅಲ್ಲ ಕಣೇ, ಇಂಟರ್‌ನೆಟ್ಟಲ್ಲಿ ಎಲ್ರೂ ಕಳ್ಳ ಹೆಸರು ಇಟ್ಕೊಂಡಿರ್ತಾರಂತೆ. ಹಿಡಿಯೋದು ಹೆಂಗೆ?"

"ಯಾರು ಹೇಳಿದ್ದು ಹಿಡಿಯೋಕಾಗಲ್ಲ ಅಂತ? ನಿಮ್ಮ ಮನೇದು ನಂಬರ್ ತೋರಿಸೋ ಫೋನ್ ತಾನೆ? ಬಂದ ನಂಬರ್, ಬಂದ ಹೊತ್ತು ಬರೆದಿಟ್ಕೊ. ತಿರುಗಿಸಿ ಬೈಬೇಡ, ಅವ್ರಿಗೆ ಬೇಕಾಗಿರೋದೇ ಅದು. ಆ ಪೇಜನ್ನ ಯಾರಾದ್ರೂ ಅಳಿಸಿ ಹಾಕೋಕೆ ಮೊದ್ಲು ಪ್ರಿಂಟ್ ತೆಗೀಬೇಕು. ಹೆಂಗಸಿಗೆ ಫೋನಲ್ಲಿ ಹೊಲಸು ಮಾತಾಡೋದು ಅಪರಾಧ. ಹೀರೋ ಹೆಸರಲ್ಲಿ ಮಾಡಿದ್ರೂ ಅಪರಾಧವೇ. ಏಳಿ, ಸೈಬರ್ ಸೆಂಟರ್‌ಗೆ ಹೋಗೋಣ."

ಮೂವರೂ ಹೊಸಹಳ್ಳಿಯ ಒಂದು ಸೈಬರ್ ಸೆಂಟರಿಗೆ ಹೋದರು. ಗುರುದೇವಿ ಆ ಗುಂಪಿನ ಪುಟ ತೆರೆದು ತೋರಿಸಿದಳು. ಕನ್ನಡದ ಬೈಗುಳಗಳು ಇಂಗ್ಲಿಷ್ ಅಕ್ಷರದಲ್ಲಿ ಸಾಲುಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮೇಲೆ ಗುಂಪಿನ ಯಜಮಾನನ ಅಪ್ಪಣೆ ಇತ್ತು. "ಅಭಿಮಾನಿ ನಂಬರ್ ಒನ್" ಅಂತ ಅವನ ಹೆಸರು. "ಅಣ್ಣನಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾ ಇವಳು? ನಂಬರ್ ರಕ್ತದಾನದ ಪೋಸ್ಟಲ್ಲೇ ಇದೆ. ಎಲ್ಲರೂ ಫೋನ್ ಮಾಡಿ. ಅತ್ತುಕೊಂಡು ಊರಿಗೆ ಓಡಬೇಕು."

ಪಕ್ಕದಲ್ಲಿ ಅವನದೊಂದು ಚಿಕ್ಕ ಫೋಟೋ. ಮುಖ ಕಾಣದು. ಏಣಿ ಹತ್ತಿ ಕಟೌಟಿಗೆ ಹಾಲು ಸುರಿಯುತ್ತಿರುವ ಹುಡುಗನ ಬೆನ್ನು ಮಾತ್ರ, ಮೈಮೇಲೆ ಹಳದಿ ಚೌಕಳಿ ಶರ್ಟು. ಬೇರೆಯವರಿಗೆ ಅದು ಯಾರದೋ ಬೆನ್ನು. ಆ ಶರ್ಟನ್ನು ದೀಪಾವಳಿಗೆ ಕೊಡಿಸಿದ್ದು ವತ್ಸಲಾ. ಆ ಬೆನ್ನಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದೂ ವತ್ಸಲಾ.

"ಅಂಜಮ್ಮ, ಇವನು ನಮ್ಮ ಶ್ರೀಶ ಕಣೇ" ಅಂದರು. ಪ್ರಿಂಟು ತೆಗೆಸಿಕೊಂಡು ಮೂವರೂ ಮನೆಗೆ ಬಂದರು.

ಸಂಜೆ ಶ್ರೀಶ ಕೈತುಂಬ ಅಂಟು ಮೆತ್ತಿಕೊಂಡು ಸಿಳ್ಳೆ ಹೊಡೆಯುತ್ತಾ ಬಂದ. ಮನೆಯಲ್ಲಿ ಅಪ್ಪ, ಅಮ್ಮ, ಅಂಜಮ್ಮ ಆಂಟಿ, ಗುರುದೇವಿ ಎಲ್ಲರೂ ಅವನಿಗಾಗಿ ಕಾಯುತ್ತಾ ಕೂತಿದ್ದರು. ವತ್ಸಲಾ ಹಾಳೆಗಳನ್ನು ಅವನ ಕೈಗೆ ಕೊಟ್ಟರು.

"ಓದು. ಕ್ಲಾಸಲ್ಲಿ ಓದೋ ಥರ, ಗಟ್ಟಿಯಾಗಿ."

ಶ್ರೀಶ ಹಾಳೆ ನೋಡಿದ. ಕಿವಿ ಕೆಂಪಾಯಿತು. "ಅಮ್ಮ, ಇದು ನಿಂಗ್ಯಾರು ಕೊಟ್ರು? ಇದನ್ನ ನಿನ್ ಮುಂದೆ ಓದೋಕಾಗಲ್ಲ."

"ಬರೆಸೋಕಾಗುತ್ತೆ, ಓದೋಕಾಗಲ್ವಾ?"

"ನಾನೇನು ಹಿಂಗೆ ಬೈಯಿರಿ ಅಂದಿಲ್ಲಮ್ಮ. ಫೋನ್ ಮಾಡಿ ಅಂದೆ ಅಷ್ಟೆ. ಅವ್ಳು ಅಣ್ಣನ ಬಗ್ಗೆ ಹಂಗೆಲ್ಲ ಬರೀಬೋದಾ? ಯಾರೋ ಎಲ್ಲಿರೋಳೋ..."

"ಯಾರೋ ಎಲ್ಲಿರೋಳೋ! ಕೊನೇ ಹಾಳೇಲಿ ಅವಳ ನಂಬರಿದೆ. ಅದನ್ನಾದ್ರೂ ಓದು."

ಅವನು ಓದತೊಡಗಿದ. ಅರ್ಧಕ್ಕೇ ದನಿ ನಿಂತಿತು. ಅದು ಅವರ ಮನೆಯದೇ ನಂಬರು. ಎಲ್ಲರಿಗೂ ಫೋನ್ ಮಾಡಿ ಅಂತ ಹೇಳಿದ ಭೂಪ ಆ ನಂಬರನ್ನು ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ!

ಆ ಹೊತ್ತಿಗೇ ಫೋನು ಬಂತು. "ಎತ್ತು" ಅಂದರು ವತ್ಸಲಾ. ಶ್ರೀಶ ಎತ್ತಿದ. ಕೇಳುತ್ತಾ ಕೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. "ಲೋ ಮಗಾ, ನಾನು ಕಣೋ. ಇದು ನಮ್ಮನೆ ನಂಬರ್ ಕಣೋ. ನಮ್ಮಮ್ಮ ಎತ್ತಿದ್ದು ಕಣೋ" ಅಂದ. ಆ ಕಡೆಯವನು ನಂಬಲಿಲ್ಲ. "ಓಹೋ, ಅವಳಿಗೆ ನೀನು ವಕಾಲತ್ತಾ ಗುರು?" ಅಂತ ಅವನಿಗೂ ಅದೇ ಮಂಗಳಾರತಿ ಎತ್ತಿದ.

ಶ್ರೀಶ ಫೋನಿಟ್ಟು ತಾಯಿಯ ಕಾಲಿಗೆ ಬಗ್ಗಿದ. "ತಪ್ಪಾಯ್ತಮ್ಮ. ನೀನು ಎತ್ತಿರ್ತೀಯ ಅಂತ ಗೊತ್ತಿದ್ರೆ ಖಂಡಿತ ಮಾಡ್ತಿರಲಿಲ್ಲ."

ಆ ಮಾತು ಕೇಳಿದ ಮೇಲೆ ವತ್ಸಲಾಗೆ ಸಿಟ್ಟು ತಡೆಯಲಾಗಲಿಲ್ಲ.

"ಏಳೋ ಮೇಲೆ! ನಾನು ಎತ್ತಿದ್ದಕ್ಕೆ ತಪ್ಪಾಯ್ತಾ? ಇವಳೇ ಎತ್ತಿದ್ರೆ ಸರಿಯಾಗ್ತಿತ್ತಾ? ನನ್ನ ಕಿವಿಗೆ ಬಿದ್ರೆ ನೋವು, ಇವಳ ಕಿವಿಗೆ ಬಿದ್ರೆ ಮಜಾ. ಇಂಥ ಮಗನ್ನ ಹೆತ್ತೆನಲ್ಲ ಅಂತ ನಾಚಿಕೆ ಆಗ್ತಿದೆ ನಂಗೆ. ನಾಳೆ ಕಂಪ್ಲೇಂಟ್ ಕೊಡ್ತೀವಿ. ಅದ್ರಲ್ಲಿ ಮೊದಲ್ನೇ ಹೆಸರು ನಿಂದೇ."

ಚಕ್ರಪಾಣಿ ಎದ್ದು ನಿಂತರು. "ಏನ್ ಮಾತಾಡ್ತಿದೀಯ? ಒಬ್ಬನೇ ಮಗ ಕಣೇ! ಓದ್ತಿರೋ ಹುಡುಗ, ಪೊಲೀಸು ಸ್ಟೇಷನ್ನು ಅಂದ್ರೆ ಅವನ ಭವಿಷ್ಯ ಏನಾಗ್ಬೇಕು?"

"ಇವಳೂ ಓದ್ತಿರೋಳೇ ರೀ. ನಾಳೆ ಬೆಳಿಗ್ಗೆ ಇವಳಪ್ಪ ಬಂದು ಗಂಟು ಹೊರಿಸ್ಕೊಂಡು ಹೋಗ್ತಾರಲ್ಲ, ಆ ಭವಿಷ್ಯದ ಬಗ್ಗೆ ನೆನ್ನೆಯಿಂದ ಒಂದು ಮಾತಾಡಿದ್ರಾ ನೀವು?"

ನಿಂತಿದ್ದ ಚಕ್ರಪಾಣಿ ನಿಧಾನವಾಗಿ ಕೂತರು. ಆಮೇಲೆ "ನಾನೂ ಬರ್ತೀನಿ ನಡಿ" ಅಂದರು. ಶ್ರೀಶ ಅಂಜಮ್ಮನ ಜೊತೆ ಸೈಬರ್ ಸೆಂಟರಿಗೆ ಹೋಗಿ ಆ ಪೋಸ್ಟನ್ನೂ ರಕ್ತದಾನದ ನಂಬರುಗಳನ್ನೂ ಅಳಿಸಿ, ಗುಂಪಿನಲ್ಲಿ ಎಲ್ಲರ ಎದುರಿಗೆ ಕಿತ್ತೂರ್ ಹುಡುಗಿಯ ಕ್ಷಮೆ ಕೇಳಿ ಬರೆದ. ಕ್ಷಣದಲ್ಲಿ ಅವನೇ ದ್ರೋಹಿಯಾದ. ನಿನ್ನೆ ಜೈ ಅಂದವರು ಇವತ್ತು ಅವನ ಜನ್ಮ ಜಾಲಾಡಿದರು.

ಸೋಮವಾರ ಬೆಳಿಗ್ಗೆ ಗುರುಬಸಪ್ಪ ಬಂದರು. ಬಿಳಿ ಟೋಪಿ, ಕೈಯಲ್ಲಿ ಮಡಚಿದ ಖಾಲಿ ಚೀಲ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು "ಮಗಳನ್ನ ಕರೀರಿ ಅಕ್ಕಾರ" ಅಂದರು.

ಶ್ರೀಶ ಮುಂದೆ ಬಂದ. "ಇದನ್ನೆಲ್ಲ ಶುರು ಮಾಡಿದ್ದು ನಾನೇ. ನಿಮ್ಮ ಮಗಳದ್ದು ಏನೂ ತಪ್ಪಿಲ್ಲ" ಅಂದ. ವತ್ಸಲಾ ಬರೆದಿಟ್ಟ ದೂರನ್ನು ಗುರುಬಸಪ್ಪನವರ ಕೈಗೆ ಕೊಟ್ಟರು. ಅವರು ನಿಧಾನವಾಗಿ ಓದಿದರು. ಮೊದಲ ಹೆಸರು ನೋಡಿ ತಲೆ ಎತ್ತಿದರು.

"ಅಕ್ಕಾರ, ಇದು ನಿಮ್ಮ ಮಗನ ಹೆಸರಲ್ರೀ?"

"ಹೌದು. ಸ್ಟೇಷನ್‌ಗೆ ಹೊರಟಿದೀವಿ. ನೀವೂ ಬನ್ನಿ."

"ಅಪ್ಪಾ," ಅಂದಳು ಗುರುದೇವಿ, "ನಾ ಖರೇನ ಬರದೀನಿ. ನಾ ಯಾಕ ಓಡಿ ಹೋಗ್ಲಿ? ಪರೀಕ್ಷಾ ಬರಿತೀನಿ. ಊರಿಗೆ ಬರಂಗಿಲ್ಲ."

ಗುರುಬಸಪ್ಪ ಮಗಳನ್ನು ನೋಡಿದರು, ವತ್ಸಲಾರನ್ನು ನೋಡಿದರು. "ತನ್ನ ಮಗನ ಹೆಸರು ತಾನ ಬರದ ತಾಯಿ ಮನಿ ಇದು. ಇಲ್ಲಿಂದ ಕರ್ಕೊಂಡು ಹೋಗಿ ನಿನ್ನ ಎಲ್ಲಿಡ್ಲಿ?" ಅಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕೇಳಿದರು.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಸಿನಿಮಾ ನೋಡಿ, ಸಿಳ್ಳೆ ಹೊಡೆಯಿರಿ, ಸ್ಟಾರ್ ಕಟ್ಟಿ, ಬೇಡ ಅಂದವರು ಯಾರು? ಆದರೆ ನಿಮ್ಮ ಹೀರೋ ತಪ್ಪು ಮಾಡಿದ ಅಂತ ಒಬ್ಬರು ಹೇಳಿದರೆ ಮಾತಿಗೆ ಮಾತು ಕೊಡಿ. ಅವರ ನಂಬರು, ಫೋಟೋ, ವಿಳಾಸ ಹಂಚಬೇಡಿ. ಹಂಚಿದ್ದು ಕಂಡರೆ ಸುಮ್ಮನಿರಬೇಡಿ. ನಿಮ್ಮ ನಂಬರನ್ನೂ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಇಂಥ ಕಾಟ ನಿಮಗೇ ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ. ಬಂದ ನಂಬರು ಬರೆದಿಡಿ, ಪುಟದ ಪ್ರಿಂಟು ತೆಗೆದಿಡಿ, ಮನೆಯವರಿಗೆ ಹೇಳಿ, ಪೊಲೀಸರಿಗೆ ದೂರು ಕೊಡಿ.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಬೈಸಿಕೊಂಡು ಬಂದ ಮಗಳನ್ನು "ನಿಂಗ್ಯಾಕೆ ಬೇಕಿತ್ತು" ಅಂತ ಕೇಳುವ ಮೊದಲು, ನಿಮ್ಮ ಮಗ ಇವತ್ತು ಯಾರಿಗೆ ಬೈದು ಬಂದ ಅಂತ ಕೇಳಿ.