ಮೇಲ್ವಿಚಾರಕಿಯ ಅರ್ಹತೆ

"ಗಟ್ಟಿ ಹಿಡೀರಿ ಟೀಚರ್, ಸತ್ತಾಕಿ ಏನ್ ಕಡಿಯೂದಿಲ್ಲ!" ಎಂದಳು ಆಯಾ ಬೋರವ್ವ.

ಸಾತವ್ವನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ ಬಿಳಿ ಬಟ್ಟೆಯಿಂದ ಕಟ್ಟುತ್ತಿದ್ದರು. ಹೆಗಲು ಹಿಡಿದ ಶಿಕ್ಷಕಿ ಪೂರ್ಣಿಮಾ ಮುಖ ಆಚೆ ತಿರುಗಿಸಿದ್ದಳು. ಹಣೆಗೆ ವಿಭೂತಿ ಹಚ್ಚಿದ ಮೇಲೆ ಯಾರೋ ಕನ್ನಡಕವನ್ನೂ ಏರಿಸಿದರು. ಬನಹಟ್ಟಿಯ ವಿಶೇಷ ಮಕ್ಕಳ ಶಾಲೆಯ ಮೇಲ್ವಿಚಾರಕಿ ಇನ್ನೇನು ಹಾಜರಿ ಕೂಗುವವಳ ಹಾಗೆ ಕಂಡಳು.

ಸಂಸ್ಥೆಯ ಅಧ್ಯಕ್ಷ ಬಸಗೊಂಡಪ್ಪ ಪೂರ್ಣಿಮಾಳನ್ನು ಪಕ್ಕಕ್ಕೆ ಕರೆದ.

"ನೋಡವಾ, ಸಾತವ್ವನ ಜಾಗಾಕ ವಿಶೇಷ ಶಿಕ್ಷಣದ ಬಿ.ಎಡ್. ಆದವರ ಬೇಕು, ಅನುಭವನೂ ಬೇಕು. ಎರಡೂ ಇರೂದು ನಿನಗೊಬ್ಬಾಕಿಗೆ. ಮಣ್ಣಾಗೂದ್ರೊಳಗ ಹೂಂ ಅನ್ನು. ಇಲ್ಲಂದ್ರ ಸಾಲಿಗೆ ಕೀಲಿ ಹಾಕತೀನಿ."

"ದುರಗೇಶ ಇರತಾನಲ್ರಿ..." ಅವಳ ಕೈ ತೋಳಿನ ಹಳೆಯ ಗಾಯದ ಕಲೆಗೆ ಹೋಯಿತು.

"ಅಂವಾ ಇಲ್ಲಿಗೇ ಬರಾಕತ್ತಾನ, ಅವರಪ್ಪನ ಜೋಡಿ."

*

ಹೋದ ವರ್ಷ ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ, ಆ ಮೌನಕ್ಕೆ ಅಂಜಿ, ಶಾಲೆಯ ಆಳೆತ್ತರದ ಹುಡುಗ ದುರಗೇಶ ಪೂರ್ಣಿಮಾಳ ತೋಳು ಕಚ್ಚಿ ಹಿಡಿದಿದ್ದ.

"ನಾ ಈ ಕೆಲಸಕ್ಕ ಅಲ್ರಿ ಬಾಯಾರ," ಎಂದು ಅತ್ತಿದ್ದಳು.

ಸಾತವ್ವ ಗಾಯ ತೊಳೆಯುತ್ತ ನಕ್ಕಿದ್ದಳು. "ಧಾರವಾಡದಾಗ ನಿನ್ನಂಥ ಹುಡಿಗ್ಯಾರ ಜೋಡಿ ಬಿ.ಎಡ್.ಗೆ ಕುಂತು, ನಾಲ್ವತ್ತು ದಾಟಿದ ಮ್ಯಾಲೆ ಪಾಸಾದಾಕಿ ನಾನು. ಎರಡ ಸಲ ಫೇಲು, ಅದನ್ನೂ ಹೇಳಿಬಿಡತೀನಿ. ಇವತ್ತಿಗೂ ಸಾಲಿ ಬಾಗಿಲಾ ತಗಿಯೂ ಮುಂದ ಅಂಜಿಕಿ ಆಗತೈತಿ. ಅದನ್ನ ಯಾವ ಪರೀಕ್ಷ್ಯಾಗೂ ಕೇಳಲಿಲ್ಲ ಬೇ."

*

ಭಜನೆ ನಡೆದಿತ್ತು. ಒಳಗೆ ಬಂದ ದುರಗೇಶ ಸಾತವ್ವನನ್ನು ಕಂಡು ಬಾಯ್ತುಂಬ ನಕ್ಕ.

"ಮಲಗ್ಯಾರಂತ ಹೇಳೀನ್ರಿ," ಅವನಪ್ಪ ಪೂರ್ಣಿಮಾಳಿಗೆ ಪಿಸುಗುಟ್ಟಿದ.

ದುರಗೇಶ ಎದುರಿಗೆ ಕೂತು ಅವಳ ಕೈ ಎಳೆದ. ತಣ್ಣಗಿತ್ತು. ಮತ್ತೆ ಎಳೆದ. ಹೆಣ ವಾಲಿತು. ಅವನು ಚೀರುತ್ತ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ಭಜನೆ ಥಟ್ಟನೆ ನಿಂತಿತು. ಅವನ ಚೀರು ಇನ್ನೂ ಏರಿತು.

"ಹೊರಗ ಎಳೀರಿ ಅವನ್ನ!" ಎಂದ ಬಸಗೊಂಡಪ್ಪ. ಗಂಡಸರು ನುಗ್ಗಿದರು.

"ಮುಟ್ಟಬ್ಯಾಡ್ರಿ! ಹಾಡ್ರಿ ನೀವು, ನಿಲ್ಲಸಬ್ಯಾಡ್ರಿ!"

ಆ ದನಿ ತನ್ನದೇ ಎಂದು ಪೂರ್ಣಿಮಾಳಿಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ ಅವಳು ಅವನ ಪಕ್ಕದಲ್ಲಿ ಕುಳಿತು, ಗೋಡೆಗೂ ಅವನ ತಲೆಗೂ ನಡುವೆ ಅಂಗೈ ಒಡ್ಡಿಯಾಗಿತ್ತು. ತಲೆ ಬಂದು ಅಪ್ಪಳಿಸಿತು.

"ಮಲಗಿಲ್ಲೋ ದುರಗೇಶ. ಬಾಯಾರ ಸತ್ತಾರ. ಸತ್ತಾರಪಾ."

ಭಜನೆಯ ತಾಳ ಮತ್ತೆ ಸಣ್ಣಗೆ ಎದ್ದಿತು. ಅವನ ಹಲ್ಲು ಅವಳ ತೋಳಿನಿಂದ ಗೇಣು ದೂರದಲ್ಲಿತ್ತು.

"ನಾಳೆ ಸಾಲಿ ತಗೀತೀನ್ರಿ," ಎಂದಳು ಬಸಗೊಂಡಪ್ಪನಿಗೆ, ದುರಗೇಶನಿಂದ ಕಣ್ಣು ಕೀಳದೆ.

ಏಟುಗಳು ನಿಧಾನವಾದವು. ಕೊನೆಗೆ ಆ ದೊಡ್ಡ ತಲೆ ಅವಳ ಅಂಗೈಯಲ್ಲೇ ಭಾರವಾಗಿ ನಿಂತಿತು. ಅವಳು ಕೈ ತೆಗೆಯಲಿಲ್ಲ. ಅವಳ ಸುಲಿದ ಬೆರಳ ಗೆಣ್ಣುಗಳ ಗುರುತು ಸುಣ್ಣದ ಗೋಡೆಯ ಮೇಲೆ ಕೆಂಪಗೆ ಮೂಡತೊಡಗಿತ್ತು.